ನೀರುಚಿಗಟದ 48 ಗಂಟೆ: ರಾಸಾಯನಿಕದ ವಿಷ ಅಳೆಯುವುದು ಹೇಗೆ?

ಕೀಟನಾಶಕ ಇರಲಿ, ಬಟ್ಟೆಯ ಬಣ್ಣ ಇರಲಿ, ಪಾತ್ರೆ ತೊಳೆಯುವ ದ್ರವ ಇರಲಿ, ಅದರಲ್ಲಿ ಒಂದಷ್ಟು ಪಾಲು ಯಾವುದೋ ಮೋರಿ ಹಿಡಿದು ಕೆರೆಗೋ ಹೊಳೆಗೋ ಸೇರುತ್ತದೆ. ಸೇರಿದ ಮೇಲೆ ಅಲ್ಲಿನ ಜೀವಿಗಳಿಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ಲ್ಯಾಬ್‌ಗಳು ಮೊದಲು ಕೇಳುವುದು ಒಂದು ಪುಟ್ಟ ಜೀವಿಯನ್ನು. ಅದೇ ಡಾಫ್ನಿಯಾ, ಅಂದರೆ ನೀರುಚಿಗಟ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ್ದು. ಆಗಷ್ಟೇ ಹುಟ್ಟಿದ ಮರಿ ಸಾಸಿವೆ ಕಾಳಿಗಿಂತ ಚಿಕ್ಕದು. ಮೈ ಎಷ್ಟು ಪಾರದರ್ಶಕ ಎಂದರೆ ಸೂಕ್ಷ್ಮದರ್ಶಕದಲ್ಲಿ ಹೃದಯ ಬಡಿಯುವುದು ಕಾಣುತ್ತದೆ.

ಇದನ್ನೇ ಯಾಕೆ ಆರಿಸಿಕೊಂಡರು? ನೀರಲ್ಲಿ ತೇಲುವ ಹಸಿರು ಪಾಚಿಯನ್ನು ಇದು ಸೋಸಿ ತಿನ್ನುತ್ತದೆ. ಇದನ್ನು ಮರಿಮೀನುಗಳು ತಿನ್ನುತ್ತವೆ. ನಡುವಿನ ಈ ಕೊಂಡಿ ಕಳಚಿದರೆ ಒಂದು ಕಡೆ ಪಾಚಿ ಏರುತ್ತದೆ, ಇನ್ನೊಂದು ಕಡೆ ಮೀನಿಗೆ ಆಹಾರ ಇಲ್ಲ. ಜೊತೆಗೆ ಸಾಕುವುದು ಸುಲಭ, ಬೇಗ ಮರಿ ಹಾಕುತ್ತದೆ, ಜಾಗ ಕಮ್ಮಿ ಸಾಕು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ಮಾರ್ಗಸೂಚಿ ಈ ಪರೀಕ್ಷೆಯದೇ. 1984ರಲ್ಲಿ ಬಂತು, 2004ರಲ್ಲಿ ಪರಿಷ್ಕರಣೆಯಾಯಿತು. ಕೆಳಗಿನ ಕ್ರಮ ಅದನ್ನೇ ಆಧರಿಸಿದ್ದು. ಪದವಿ ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿ ಕಲಿಯಲು ಅನುಕೂಲವಾಗಲಿ ಎಂದು ವಿಷದ ಬದಲು ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಪರೀಕ್ಷೆ ನಡೆಯುವುದು ಎರಡು ದಿನ, ಆದರೆ ಅದರ ಹಣೆಬರಹ ನಿರ್ಧಾರವಾಗುವುದು ಅದಕ್ಕೂ ವಾರಗಳ ಹಿಂದೆ, ತಾಯಿಗಳನ್ನು ಸಾಕುವ ಜಾಡಿಯಲ್ಲಿ. ನಿತ್ರಾಣವಾದ ಮರಿಗಳನ್ನು ತಂದು ಪರೀಕ್ಷೆಗೆ ಇಟ್ಟರೆ ಬರುವ ಅಂಕಿ ರಾಸಾಯನಿಕದ್ದಲ್ಲ, ನಮ್ಮ ಸಾಕಣೆಯದು. ಹಾಗಾಗಿ ಸಾಕುವುದರಿಂದಲೇ ಶುರು ಮಾಡೋಣ.

ತಾಯಿಗಳನ್ನು ಸಾಕುವುದು

ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಬಳಸುವ ಜಾತಿ ಡಾಫ್ನಿಯಾ ಮ್ಯಾಗ್ನಾ. ಸಾಕುವ ಲ್ಯಾಬ್‌ನಿಂದಲೇ ಶುದ್ಧ ತಳಿ ತರಿಸಿಕೊಳ್ಳಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಆಹಾರವಾಗಿ ಸಿಗುವುದರಲ್ಲಿ ಎರಡು ಮೂರು ಜಾತಿ ಬೆರೆತಿರಬಹುದು. ನಮ್ಮ ಕೆರೆಗಳಲ್ಲಿ ಸಿಗುವ ಮೊಯಿನಾ ಎಂಬ ಇನ್ನೊಂದು ನೀರುಚಿಗಟ ಬಳಸಿಯೂ ಅಭ್ಯಾಸ ಮಾಡಬಹುದು, ಅದು ಸೆಕೆಯನ್ನೂ ತಾಳುತ್ತದೆ. ಆದರೆ ಆ ಅಂಕಿಯನ್ನು ಡಾಫ್ನಿಯಾದ ಅಂಕಿಯ ಜೊತೆ ಹೋಲಿಸಬೇಡಿ.

ಆರಾಮಾಗಿದ್ದಾಗ ಡಾಫ್ನಿಯಾಗೆ ಗಂಡೇ ಬೇಡ. ಹೆಣ್ಣು ಒಂದೇ ತನ್ನಂಥದೇ ಹೆಣ್ಣುಮರಿಗಳನ್ನು ಹಾಕುತ್ತದೆ. ಪರೀಕ್ಷೆಗೆ ಇದೊಂದು ವರ, ಯಾಕೆಂದರೆ ಎಲ್ಲ ಮರಿಗಳೂ ಒಂದೇ ತಳಿಯವು. ಜಾಡಿಯಲ್ಲಿ ಸಂಖ್ಯೆ ಮಿತಿಮೀರಿದರೆ, ಆಹಾರ ಸಾಲದಿದ್ದರೆ ಗಂಡುಗಳು ಹುಟ್ಟಲು ಶುರುವಾಗುತ್ತದೆ. ಹೆಣ್ಣಿನ ಬೆನ್ನಲ್ಲಿ ಕಪ್ಪಗಿನ ಗಟ್ಟಿ ಮೊಟ್ಟೆಚೀಲ ಕಾಣುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ಆ ಜಾಡಿಯ ಮರಿಗಳು ಪರೀಕ್ಷೆಗೆ ಬೇಡ. ಅಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ.

ಒಂದು ಲೀಟರ್ ನೀರಿಗೆ 20 ದೊಡ್ಡವು ಸಾಕು. ಆಹಾರವಾಗಿ ಕ್ಲೋರೆಲ್ಲಾದಂಥ ಹಸಿರು ಪಾಚಿಯನ್ನು ಬೇರೆ ಬಾಟಲಿಯಲ್ಲಿ ಬೆಳೆಸಿ ಕೊಡಿ. ಬೇಕರಿ ಯೀಸ್ಟ್ ಕೂಡ ತಿನ್ನುತ್ತವೆ, ಆದರೆ ಸ್ವಲ್ಪ ಜಾಸ್ತಿ ಬಿದ್ದರೂ ನೀರು ಕೆಡುತ್ತದೆ, ಆಮ್ಲಜನಕ ಇಳಿಯುತ್ತದೆ, ರಾತ್ರಿ ಕಳೆಯುವುದರೊಳಗೆ ಇಡೀ ಜಾಡಿ ಸಾಯಬಹುದು. ನನ್ನ ಕೇಳಿದರೆ ಪಾಚಿಯೇ ವಾಸಿ. ಕೊಟ್ಟ ಪಾಚಿಯ ಹಸಿರು ಮಾರನೇ ದಿನಕ್ಕೆ ತಿಳಿಯಾಗಬೇಕು. ಆಗಿಲ್ಲ ಅಂದರೆ ಒಂದೋ ಜಾಸ್ತಿ ಹಾಕಿದ್ದೀರಿ, ಇಲ್ಲವೇ ಅವು ತಿನ್ನುತ್ತಿಲ್ಲ.

ಉಷ್ಣಾಂಶ 18ರಿಂದ 22 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಅದರಲ್ಲೂ ಒಂದು ಡಿಗ್ರಿಗಿಂತ ಆಚೀಚೆ ಆಗಬಾರದು. ಮಂಗಳೂರು, ರಾಯಚೂರು, ಕಲಬುರಗಿಯಲ್ಲಿ ತಂಪು ಇನ್ಕ್ಯುಬೇಟರ್ ಇಲ್ಲದೆ ಇದು ಆಗದ ಕೆಲಸ. ಬೆಂಗಳೂರಿನಲ್ಲೂ ಬೇಸಿಗೆಯಲ್ಲಿ ಕಷ್ಟ. ಬೆಳಕು 16 ಗಂಟೆ, ಕತ್ತಲೆ 8 ಗಂಟೆ. ಟೈಮರ್ ಹಾಕಿದ ಒಂದು ಎಲ್‌ಇಡಿ ದೀಪ ಸಾಕು.

ನೀರು ತಯಾರಿಸುವುದು

ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಅದು ಡಾಫ್ನಿಯಾಗೆ ನೇರ ವಿಷ. ತಾಮ್ರದ ಅಥವಾ ಹಿತ್ತಾಳೆಯ ಕೊಳವೆ, ನಲ್ಲಿಗಳಿಂದ ಬರುವ ಲೋಹದ ಅಂಶವೂ ಅಪಾಯವೇ. ಹಾಗಂತ ಬಟ್ಟಿ ಇಳಿಸಿದ ನೀರನ್ನು ಹಾಗೇ ಹಾಕಿದರೆ ಲವಣಗಳಿಲ್ಲದೆ ಸಾಯುತ್ತವೆ. ಬೋರ್‌ವೆಲ್ ನೀರಿನ ಗಡಸುತನ ಊರಿಂದ ಊರಿಗೆ ಬೇರೆ. ಆದ್ದರಿಂದ ಬಟ್ಟಿ ಇಳಿಸಿದ ಶುದ್ಧ ನೀರಿಗೆ ನಾವೇ ಲೆಕ್ಕ ಹಾಕಿ ಲವಣ ಬೆರೆಸುವುದು ಒಳ್ಳೆಯದು. ಒಂದು ಲೀಟರ್ ನೀರಿಗೆ ಇಷ್ಟು ಬೇಕು: ಎರಡು ನೀರಿನ ಅಣುಗಳಿರುವ ಕ್ಯಾಲ್ಸಿಯಂ ಕ್ಲೋರೈಡ್ 294 ಮಿಲಿಗ್ರಾಂ, ಏಳು ನೀರಿನ ಅಣುಗಳಿರುವ ಮೆಗ್ನೀಸಿಯಂ ಸಲ್ಫೇಟ್ 123 ಮಿಲಿಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 65 ಮಿಲಿಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ಸುಮಾರು 6 ಮಿಲಿಗ್ರಾಂ. ಈ ನೀರಿನ ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 250 ಮಿಲಿಗ್ರಾಂ. ಪಿಎಚ್ 6ರಿಂದ 9ರ ಒಳಗೆ ಇದೆಯಾ ನೋಡಿಕೊಳ್ಳಿ. ಬಳಸುವ ಮುಂಚೆ ಒಂದು ರಾತ್ರಿ ಗಾಳಿ ಬಿಡಿ.

ಗಡಸುತನಕ್ಕೆ ಯಾಕಿಷ್ಟು ಮಹತ್ವ? ತಾಮ್ರ, ಕ್ಯಾಡ್ಮಿಯಂನಂಥ ಲೋಹಗಳು ಮೆದು ನೀರಿನಲ್ಲಿ ಹೆಚ್ಚು ವಿಷಕಾರಿ, ಗಡಸು ನೀರಿನಲ್ಲಿ ಕಡಿಮೆ. ನೀರಿನ ವಿವರ ಇಲ್ಲದ ವರದಿಯಲ್ಲಿ ಲೋಹದ ಅಂಕಿ ಕಂಡರೆ ನಾನಂತೂ ಅದನ್ನು ನಂಬುವುದಿಲ್ಲ.

ಗಾಜಿನ ಪಾತ್ರೆಗಳನ್ನು ಸೋಪಿನಲ್ಲಿ ತೊಳೆದಿದ್ದರೆ ಹಲವು ಸಲ ಜಾಲಾಡಿಸಿ. ಉಳಿದ ಸೋಪೂ ವಿಷವೇ.

ಮರಿಗಳನ್ನು ಆರಿಸುವುದು

ಪರೀಕ್ಷೆಗೆ ಬೇಕಾದದ್ದು 24 ಗಂಟೆಗಿಂತ ಚಿಕ್ಕ ಮರಿ. ಹಿಂದಿನ ದಿನ ಸಂಜೆ ಬೆನ್ನಿನ ಚೀಲದಲ್ಲಿ ಬಲಿತ ಮೊಟ್ಟೆ ಕಾಣುವ ತಾಯಿಗಳನ್ನು ಆರಿಸಿ, ಹೊಸ ನೀರಿರುವ ಬೀಕರ್‌ಗೆ ಹಾಕಿ. ಬೆಳಿಗ್ಗೆ ಮೊದಲು ತಾಯಿಗಳನ್ನು ತೆಗೆಯಿರಿ. ಉಳಿದದ್ದೆಲ್ಲ ರಾತ್ರಿ ಹುಟ್ಟಿದ ಮರಿಗಳು. ಚೊಚ್ಚಲ ಹೆರಿಗೆಯ ಮರಿಗಳನ್ನು ಬಳಸಬಾರದು.

ಉಪ್ಪಿನ ಐದು ಬೇರೆ ಬೇರೆ ಪ್ರಮಾಣಕ್ಕೆ ತಲಾ 20, ಏನೂ ಬೆರೆಸದ ಕಂಟ್ರೋಲ್‌ಗೆ 20, ಒಟ್ಟು 120 ಮರಿ ಬೇಕು. ಎಲ್ಲ ತಾಯಿಗಳೂ ಒಂದೇ ರಾತ್ರಿ ಹೆರುವುದಿಲ್ಲ. 30 ತಾಯಿಗಳನ್ನಾದರೂ ಬೇರೆ ಮಾಡಿಡಿ.

ದ್ರಾವಣಗಳ ಸಾಲು

ಮೊದಲೇ ಐದು ಮರಿಗಳನ್ನಿಟ್ಟು ಒಂದು ಒರಟು ಅಂದಾಜು ಪರೀಕ್ಷೆ ಮಾಡಿ. ಲೀಟರಿಗೆ 0.1, 1, 10 ಗ್ರಾಂ ಹೀಗೆ ಹತ್ತು ಪಟ್ಟು ಅಂತರದಲ್ಲಿ. ಎಲ್ಲಿ ಏನೂ ಆಗುವುದಿಲ್ಲ, ಎಲ್ಲಿ ಎಲ್ಲವೂ ನಿಂತುಬಿಡುತ್ತವೆ ಎಂದು ಗೊತ್ತಾದರೆ ಅವೆರಡರ ನಡುವೆ ಮುಖ್ಯ ಪರೀಕ್ಷೆ.

ಉಪ್ಪಿಗೆ 8, 4, 2, 1, 0.5 ಗ್ರಾಂ ಎಂಬ ಸಾಲಿನಿಂದ ಶುರು ಮಾಡಬಹುದು. ಒಂದು ಪ್ರಮಾಣಕ್ಕೂ ಮುಂದಿನದಕ್ಕೂ 2.2 ಪಟ್ಟಿಗಿಂತ ಜಾಸ್ತಿ ಅಂತರ ಬೇಡ. ಅಂಗಡಿಯ ಅಯೋಡಿನ್ ಉಪ್ಪು ಬೇಡ, ಅದರಲ್ಲಿ ಗಂಟು ಕಟ್ಟದಂತೆ ಬೆರೆಸಿದ ಬೇರೆ ಪದಾರ್ಥಗಳೂ ಇರುತ್ತವೆ. ಲ್ಯಾಬ್ ದರ್ಜೆಯ ಸೋಡಿಯಂ ಕ್ಲೋರೈಡ್ 8 ಗ್ರಾಂ ತೂಗಿ, ಮೇಲೆ ಹೇಳಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಅದರಲ್ಲಿ ಅರ್ಧ ಲೀಟರ್ ತೆಗೆದು ಅಷ್ಟೇ ನೀರು ಸೇರಿಸಿದರೆ 4 ಗ್ರಾಂ. ಹೀಗೇ ಮುಂದುವರಿಸಿ.

ನೀರಿನಲ್ಲಿ ಕರಗದ, ಆವಿಯಾಗುವ, ಬೆಳಕಿಗೆ ಒಡೆಯುವ ಪದಾರ್ಥಗಳದ್ದು ಬೇರೆಯೇ ಕಷ್ಟ. ಕೆಲವು ಕೀಟನಾಶಕಗಳು ಪ್ಲಾಸ್ಟಿಕ್ ಗೋಡೆಗೇ ಅಂಟಿಕೊಂಡು ನೀರಿನಲ್ಲಿ ಉಳಿಯುವುದೇ ಇಲ್ಲ. ಅದಕ್ಕೆ ಗಾಜಿನ ಪಾತ್ರೆಯೇ ಬೇಕು. ವೃತ್ತಿಪರ ಲ್ಯಾಬ್‌ಗಳು ಪರೀಕ್ಷೆಯ ಮೊದಲೂ ಕೊನೆಯಲ್ಲೂ ನೀರಿನಲ್ಲಿ ನಿಜವಾಗಿ ಎಷ್ಟಿದೆ ಎಂದು ಅಳೆಯುತ್ತವೆ. ಶೇ 20ಕ್ಕಿಂತ ಜಾಸ್ತಿ ಏರುಪೇರಾಗಿದ್ದರೆ ತೂಗಿ ಹಾಕಿದ ಅಂಕಿಯನ್ನು ಬಿಟ್ಟು, ಅಳೆದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಮರಿಗಳನ್ನು ಬಿಡುವುದು

ಪ್ರತಿ ಪ್ರಮಾಣಕ್ಕೆ ನಾಲ್ಕು ಬೀಕರ್, ಒಂದೊಂದರಲ್ಲಿ ಐದು ಮರಿ. ಮರಿಯೊಂದಕ್ಕೆ ಕನಿಷ್ಠ 2 ಮಿಲಿಲೀಟರ್ ನೀರು ಬೇಕು. 20 ಮಿಲಿಲೀಟರ್ ಹಾಕಿದರೆ ಧಾರಾಳವಾಯಿತು. ಬೀಕರ್‌ಗಳ ಮೇಲೆ ಪ್ರಮಾಣ ಬರೆಯಬೇಡಿ, ಗುರುತಿನ ಅಕ್ಷರ ಬರೆಯಿರಿ. ಎಣಿಸುವವರಿಗೆ ಯಾವುದು ಯಾವುದೆಂದು ಗೊತ್ತಿರಬಾರದು.

ಅಗಲ ಬಾಯಿಯ ಗಾಜಿನ ಪಿಪೆಟ್‌ನಲ್ಲಿ ಮರಿಯನ್ನು ಎಳೆದುಕೊಂಡು, ಪಿಪೆಟ್‌ನ ತುದಿ ನೀರಿನೊಳಗೆ ಮುಳುಗಿರುವಾಗಲೇ ಮೆಲ್ಲಗೆ ಬಿಡಬೇಕು. ಇಲ್ಲಿ ಅವಸರ ಪಟ್ಟರೆ ಕೆಟ್ಟಿತು. ಮೇಲಿಂದ ಬೀಳಿಸಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿಕೊಂಡು ಮರಿ ನೀರಿನ ಮೇಲೆಯೇ ತೇಲುತ್ತದೆ, ಈಜಲಾಗದೆ ಸಾಯುತ್ತದೆ. ನೋಡಿದವರು ವಿಷದಿಂದ ಸತ್ತಿತು ಎಂದು ಬರೆದುಕೊಳ್ಳುತ್ತಾರೆ! ಮರಿಯ ಜೊತೆ ಹೋಗುವ ನೀರು ಆದಷ್ಟು ಕಮ್ಮಿ ಇರಲಿ, ಇಲ್ಲದಿದ್ದರೆ ದ್ರಾವಣ ತೆಳುವಾಗುತ್ತದೆ. ಕಂಟ್ರೋಲ್‌ನಿಂದ ಶುರು ಮಾಡಿ ಕಡಿಮೆ ಪ್ರಮಾಣ, ಆಮೇಲೆ ಹೆಚ್ಚಿನದು, ಈ ಕ್ರಮದಲ್ಲಿ ಹೋಗಿ. ಈ ಕೆಲಸ ಮಾಡುವವರಿಗೆ ಗುರುತಿನ ಪಟ್ಟಿ ಗೊತ್ತಿರುತ್ತದೆ, ಹಾಗಾಗಿ ಎಣಿಸುವ ಕೆಲಸ ಬೇರೆಯವರಿಗೆ ಕೊಡಿ.

ಮುಚ್ಚಿಡಿ. ಊಟ ಕೊಡಬೇಡಿ, ಗಾಳಿ ಬಿಡಬೇಡಿ. 48 ಗಂಟೆ ಹಾಗೇ ಇರಲಿ.

ಎಣಿಸುವುದು

24 ಗಂಟೆಗೆ ಒಮ್ಮೆ, 48 ಗಂಟೆಗೆ ಇನ್ನೊಮ್ಮೆ. ಬೀಕರನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡ್ ನೋಡಿ. ಅಷ್ಟರಲ್ಲಿ ಈಜದೇ ಇದ್ದರೆ ಅದು 'ನಿಶ್ಚಲ'. ಮೀಸೆಯಂಥ ಕೊಂಬುಗಳನ್ನು ಸ್ವಲ್ಪ ಆಡಿಸಿದರೂ ಈಜಲಿಲ್ಲ ಅಂದರೆ ನಿಶ್ಚಲವೇ. ಹೃದಯ ಇನ್ನೂ ಬಡಿಯುತ್ತಿರಬಹುದು. ಸಾವನ್ನು ಖಚಿತವಾಗಿ ಗುರುತಿಸುವುದು ಇಷ್ಟು ಸಣ್ಣ ಜೀವಿಯಲ್ಲಿ ಕಷ್ಟ. ಈಜು ನಿಂತರೆ ಕೆರೆಯಲ್ಲಿ ಅದಕ್ಕೆ ಉಳಿಗಾಲವೂ ಇಲ್ಲ ಅಲ್ವಾ? ಅದಕ್ಕೇ ಚಲನೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ.

ಕೊನೆಯಲ್ಲಿ ಕಂಟ್ರೋಲ್ ಬೀಕರ್‌ಗಳನ್ನು ನೋಡಿ. ಅಲ್ಲಿನ 20ರಲ್ಲಿ ಎರಡಕ್ಕಿಂತ ಹೆಚ್ಚು ನಿಶ್ಚಲವಾಗಿದ್ದರೆ ಇಡೀ ಪರೀಕ್ಷೆ ಅಸಿಂಧು. ನೀರಿನಲ್ಲಿ ಕರಗಿದ ಆಮ್ಲಜನಕ ಯಾವುದೇ ಬೀಕರ್‌ನಲ್ಲಿ ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿದಿದ್ದರೂ ಅಷ್ಟೇ. ಉಳಿದ ಅಂಕಿಗಳು ಎಷ್ಟೇ ಚೆಂದ ಬಂದಿರಲಿ, ಬಿಡಬೇಕು.

ವೃತ್ತಿಪರ ಲ್ಯಾಬ್‌ಗಳು ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ ತಮ್ಮ ತಳಿಯನ್ನೇ ಪರೀಕ್ಷಿಸುತ್ತವೆ. ಅರ್ಧದಷ್ಟು ಮರಿಗಳನ್ನು ನಿಲ್ಲಿಸುವ 24 ಗಂಟೆಯ ಪ್ರಮಾಣ ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬಂದರೆ ತಳಿ ಸರಿಯಾಗಿದೆ ಎಂದರ್ಥ. ಇದು ಕ್ಯಾನ್ಸರ್ ತರುವ ರಾಸಾಯನಿಕ. ವಿದ್ಯಾರ್ಥಿಗಳ ಕೈಗೆ ಕೊಡಬೇಡಿ.

ಲೆಕ್ಕ

ಅರ್ಧದಷ್ಟು ಜೀವಿಗಳನ್ನು ನಿಶ್ಚಲಗೊಳಿಸುವ ಪ್ರಮಾಣಕ್ಕೆ ಇಸಿ50 ಎನ್ನುತ್ತಾರೆ. ನಮಗೆ ಹೀಗೆ ಬಂತು ಎಂದುಕೊಳ್ಳಿ: 0.5 ಮತ್ತು 1 ಗ್ರಾಂನಲ್ಲಿ ಯಾವುದೂ ನಿಂತಿಲ್ಲ, 2 ಗ್ರಾಂನಲ್ಲಿ 20ಕ್ಕೆ 3, 4 ಗ್ರಾಂನಲ್ಲಿ 13, 8 ಗ್ರಾಂನಲ್ಲಿ ಎಲ್ಲವೂ. ಅಂದರೆ ಶೇ 15 ಮತ್ತು ಶೇ 65ರ ನಡುವೆ ಎಲ್ಲೋ ಶೇ 50 ಇದೆ. ಪ್ರಮಾಣಗಳು ದುಪ್ಪಟ್ಟಾಗುತ್ತಾ ಹೋಗಿರುವುದರಿಂದ ಲಾಗ್ ಲೆಕ್ಕದಲ್ಲಿ ನೋಡಬೇಕು. 15ರಿಂದ 65ಕ್ಕೆ ಇರುವ ದಾರಿಯಲ್ಲಿ 50 ಬರುವುದು 0.7 ಭಾಗದಲ್ಲಿ. 2ರ ಲಾಗ್ 0.301, 4ರ ಲಾಗ್ 0.602. ಇವೆರಡರ ನಡುವೆ 0.7 ಭಾಗ ಮುಂದೆ ಹೋದರೆ 0.512, ಅಂದರೆ ಲೀಟರಿಗೆ ಸುಮಾರು 3.2 ಗ್ರಾಂ. ವರದಿಗೆ ಹಾಕುವುದಾದರೆ ಪ್ರಾಬಿಟ್‌ನಂಥ ಸಂಖ್ಯಾಶಾಸ್ತ್ರದ ವಿಧಾನದಿಂದ ಲೆಕ್ಕ ಹಾಕಿ, ಅಂಕಿ ಎಷ್ಟು ಆಚೀಚೆ ಆಗಬಹುದು ಎಂಬ ವ್ಯಾಪ್ತಿಯನ್ನೂ ಕೊಡಬೇಕು.

ಅಂಕಿಯನ್ನು ಓದುವುದು

ಇಸಿ50 ಚಿಕ್ಕದಾದಷ್ಟೂ ವಿಷ ಹೆಚ್ಚು. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೊದಲ ವರ್ಗ, 10ರವರೆಗೆ ಎರಡನೆಯದು, 100ರವರೆಗೆ ಮೂರನೆಯದು. 100 ಮಿಲಿಗ್ರಾಂ ಹಾಕಿದಾಗಲೂ ಏನೂ ಆಗದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ.

ಆದರೆ 'ಡಾಫ್ನಿಯಾಗೆ ಏನೂ ಆಗಲಿಲ್ಲ' ಎಂದರೆ 'ಕೆರೆಗೆ ಏನೂ ಆಗುವುದಿಲ್ಲ' ಎಂದಲ್ಲ. ಇಮಿಡಾಕ್ಲೋಪ್ರಿಡ್ ಉದಾಹರಣೆ ನೋಡಿ. ನಮ್ಮ ಹತ್ತಿ, ಭತ್ತದ ಹೊಲಗಳಲ್ಲೂ ಬಳಸುವ ಕೀಟನಾಶಕ ಇದು. ಡಾಫ್ನಿಯಾ ಮ್ಯಾಗ್ನಾ ಮೇಲೆ ಇದರ 48 ಗಂಟೆಯ ಇಸಿ50 ಲೀಟರಿಗೆ ಹತ್ತಾರು ಮಿಲಿಗ್ರಾಂ. ಕಾಗದದ ಮೇಲೆ ಅಷ್ಟೇನೂ ಭಯವಿಲ್ಲ. ಆದರೆ ಹೊಳೆಯ ಕಲ್ಲುಗಳಿಗೆ ಅಂಟಿಕೊಂಡಿರುವ ಮೇಫ್ಲೈ ಎಂಬ ಕೀಟದ ಮರಿಹುಳುಗಳನ್ನು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ನಿಲ್ಲಿಸಿಬಿಡುತ್ತದೆ. ವ್ಯತ್ಯಾಸ ಸಾವಿರಾರು ಪಟ್ಟು! ಕ್ಲೋರ್‌ಪೈರಿಫಾಸ್ ಎಂಬ ಇನ್ನೊಂದು ಕೀಟನಾಶಕ ಆದರೆ ಡಾಫ್ನಿಯಾವನ್ನೇ ಲೀಟರಿಗೆ ಒಂದು ಮೈಕ್ರೋಗ್ರಾಂ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಹೀಗಾಗಿಯೇ ಕೆಸರಿನಲ್ಲಿ ಬದುಕುವ ಕೈರೊನೊಮಸ್ ಎಂಬ ನೊಣದ ಮರಿಹುಳುವಿಗೂ 2011ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. ನನ್ನ ಪ್ರಕಾರ ಕೀಟನಾಶಕಗಳ ವಿಷಯದಲ್ಲಿ ಡಾಫ್ನಿಯಾ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ತಪ್ಪು. 48 ಗಂಟೆಯಲ್ಲಿ ಕಾಣದ ಹಾನಿಯೂ ಇರುತ್ತದೆ. ಮರಿ ಹಾಕುವುದು ಕಮ್ಮಿಯಾಯಿತೇ ಎಂದು ತಿಳಿಯಲು 21 ದಿನದ ಬೇರೆ ಪರೀಕ್ಷೆಯೇ ಇದೆ.

ಕಾರ್ಖಾನೆಯ ತ್ಯಾಜ್ಯ ನೀರಿಗೂ ಇದೇ ಕ್ರಮ ನಡೆಯುತ್ತದೆ. ರಾಸಾಯನಿಕದ ಬದಲು ಶೇ 100, 50, 25, 12.5, 6.25 ಎಂದು ತ್ಯಾಜ್ಯ ನೀರನ್ನೇ ತೆಳು ಮಾಡುತ್ತಾ ಹೋಗುವುದು. ಭಾರತದ ನಿಯಮ ಕೇಳುವುದು ಮೀನಿನ ಪರೀಕ್ಷೆ: ತೆಳು ಮಾಡದ ತ್ಯಾಜ್ಯ ನೀರಿನಲ್ಲಿ 96 ಗಂಟೆಯ ನಂತರ ಶೇ 90ರಷ್ಟು ಮೀನು ಉಳಿದಿರಬೇಕು. ಜೊತೆಗೆ ಡಾಫ್ನಿಯಾ ಪರೀಕ್ಷೆಯನ್ನೂ ಸೇರಿಸಿದರೆ ಒಳ್ಳೆಯದು. ಮೀನು ತಾಳಿಕೊಂಡ ನೀರಿನಲ್ಲಿ ಮೀನಿನ ಆಹಾರ ಉಳಿಯುತ್ತದೆಯೇ ಎಂಬುದೂ ಗೊತ್ತಾಗಬೇಕಲ್ಲ.

ಪರೀಕ್ಷೆ ಮುಗಿದ ಮೇಲೆ ಉಳಿದ ಡಾಫ್ನಿಯಾ ಮ್ಯಾಗ್ನಾವನ್ನು ಕೆರೆಗೆ ಬಿಡಬೇಡಿ, ಅದು ಇಲ್ಲಿನ ಜಾತಿಯಲ್ಲ. ಉಪ್ಪಿನ ದ್ರಾವಣವನ್ನು ಅದರಲ್ಲಿ ಜೀವಂತ ಮರಿ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡು ಸಿಂಕ್‌ಗೆ ಸುರಿಯಬಹುದು. ಬೇರೆ ಯಾವುದೇ ರಾಸಾಯನಿಕವಾದರೆ ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಲ್ಯಾಬ್‌ನ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.