ತರಗತಿಯಲ್ಲಿ ಮಗುವಿನ ಮನಸ್ಸನ್ನು ಗಮನಿಸುವುದು ಹೇಗೆ: ಬೆಂಗಳೂರಿನ ಶಿಕ್ಷಕರಿಗೆ

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇರುವುದು ಕಂಡುಬಂದಿತು. ನಲವತ್ತು ಮಕ್ಕಳ ಪ್ರೌಢಶಾಲಾ ತರಗತಿಗೆ ಈ ಲೆಕ್ಕ ಹಾಕಿದರೆ ಸುಮಾರು ಮೂವರಾಗುತ್ತಾರೆ. ಅವರನ್ನು ಮೊದಲು ಕಾಣುವವರು ವೈದ್ಯರಲ್ಲ, ದಿನವೂ ಹಾಜರಿ ಕರೆಯುವ ತರಗತಿ ಶಿಕ್ಷಕರು. ಕಾಯಿಲೆಗೆ ಹೆಸರಿಡುವುದು ಶಿಕ್ಷಕರ ಕೆಲಸವಲ್ಲ. ಬದಲಾವಣೆಯನ್ನು ಗಮನಿಸಿ, ಮಗುವಿನ ಮಾತು ಕೇಳಿಸಿಕೊಂಡು, ನೆರವು ಸಿಗುವಲ್ಲಿಗೆ ತಲುಪಿಸುವುದು ಅವರ ಕೆಲಸ.

ಮಗುವನ್ನು ಬೇರೆ ಮಕ್ಕಳೊಂದಿಗೆ ಹೋಲಿಸದೆ, ಅದೇ ಮಗು ಕಳೆದ ತಿಂಗಳು ಹೇಗಿತ್ತು ಎಂಬುದರೊಂದಿಗೆ ಹೋಲಿಸಬೇಕು. ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸದ್ದಿಲ್ಲದೆ ಹಿಂದಕ್ಕೆ ಸರಿಯುವ ಹುಡುಗಿಯನ್ನು ‘ಒಳ್ಳೆಯ ಮಗು’ ಎಂದುಕೊಂಡು ಬಿಟ್ಟುಬಿಡುತ್ತೇವೆ. ಪದೇ ಪದೇ ತಲೆನೋವು, ಹೊಟ್ಟೆನೋವು ಎನ್ನುವುದು, ತರಗತಿಯಲ್ಲಿ ನಿದ್ದೆಗೆ ಜಾರುವುದು, ಗೆಳತಿಯರಿಂದ ದೂರವಾಗುವುದು, ಸಣ್ಣ ಮಾತಿಗೂ ಸಿಡಿಯುವುದು ಎರಡು ವಾರಕ್ಕೂ ಹೆಚ್ಚು ಕಾಲ ಮುಂದುವರಿದರೆ ಬರೆದಿಡಲು ಆರಂಭಿಸಬೇಕು. ಬರೆಯುವಾಗ ‘ಸೋಮಾರಿ’, ‘ಖಿನ್ನತೆ ಇರಬಹುದು’ ಎಂಬಂಥ ಮಾತು ಬೇಡ. ಕಂಡದ್ದನ್ನಷ್ಟೇ ದಿನಾಂಕದೊಂದಿಗೆ ಬರೆಯಬೇಕು: ‘ಸತತ ಮೂರು ಸೋಮವಾರ ಗೈರು. ಬಿಸಿಯೂಟವನ್ನು ತಟ್ಟೆಯಲ್ಲೇ ಬಿಡುತ್ತಿದ್ದಾಳೆ. ಎರಡನೇ ಬೆಂಚಿನಿಂದ ತಾನಾಗಿ ಕೊನೆಯ ಬೆಂಚಿಗೆ ಹೋಗಿ ಕೂತಿದ್ದಾಳೆ. ಗಣಿತದ ನೋಟ್ಸ್ ಅರ್ಧಕ್ಕೆ ನಿಂತಿದೆ.’ ಮುಂದೆ ವೈದ್ಯರಿಗೆ ಉಪಯೋಗಕ್ಕೆ ಬರುವುದು ಇಂಥ ವಿವರವೇ. ಈ ಪುಸ್ತಕ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರಬಾರದು, ಬೀಗ ಹಾಕಿದ ಬೀರುವಿನಲ್ಲಿರಬೇಕು.

ಕಾರಣ ಬೇರೆಯೂ ಇರಬಹುದು. ದೃಷ್ಟಿದೋಷ, ರಕ್ತಹೀನತೆ, ಕಲಿಕಾ ನ್ಯೂನತೆ ಇವನ್ನೂ ಪರೀಕ್ಷೆ ಮಾಡಿಸಬೇಕು. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬದ ಮಗು ವರ್ಷದ ಮಧ್ಯೆ ಶಾಲೆ ಬದಲಿಸಿ, ಇಲ್ಲಿನ ಮಕ್ಕಳು ತನ್ನ ಮಾತಿನ ಧಾಟಿಯನ್ನು ಆಡಿಕೊಳ್ಳುತ್ತಾರೆಂದು ಬಾಯಿಯೇ ಬಿಡದಿರಬಹುದು. ಆಗ ಮೊದಲು ಬೇಕಾದದ್ದು ಆ ಆಡಿಕೊಳ್ಳುವಿಕೆ ನಿಲ್ಲುವುದು.

ಮಾತಾಡಿಸಲು ಬೇರೆಯವರಿಗೆ ಕೇಳಿಸದ, ಆದರೆ ಕಾಣುವಂತಿರುವ ಜಾಗ ಒಳ್ಳೆಯದು. ಬಾಗಿಲು ತೆರೆದ ಗ್ರಂಥಾಲಯವೋ ಜಗಲಿಯ ಮೂಲೆಯೋ ಸಾಕು. ‘ಎರಡು ವಾರದಿಂದ ನೀನು ಊಟ ಸರಿಯಾಗಿ ಮಾಡ್ತಿಲ್ಲ, ನೋಡ್ತಾ ಇದ್ದೀನಿ ಕಣಮ್ಮ. ಏನಾದ್ರೂ ಕಷ್ಟ ಆಗ್ತಿದೆಯಾ?’ ಎಂದು ಕೇಳಿ ಸುಮ್ಮನಿರಬೇಕು. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಮರುದಿನ ಬರುತ್ತದೆ. ‘ಇಷ್ಟಕ್ಕೆಲ್ಲ ಯಾಕೆ ಅಳ್ತೀಯ’ ಎಂದರೆ ಮಗು ಮತ್ತೆಂದೂ ಬಾಯಿ ಬಿಡಲಿಕ್ಕಿಲ್ಲ. ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಡುವುದೂ ತಪ್ಪು. ‘ನಿನಗೆ ಅಪಾಯ ಇದ್ದರೆ ದೊಡ್ಡವರಿಗೆ ಹೇಳಬೇಕಾಗುತ್ತೆ, ನಿನಗೆ ತಿಳಿಸಿಯೇ ಹೇಳ್ತೀನಿ’ ಎನ್ನಬಹುದು.

‘ಬದುಕಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ತಕ್ಷಣ ತಿಳಿಸಿ, ಅದೇ ದಿನ ವೈದ್ಯರ ಬಳಿಗೆ ಕಳಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಶಿಕ್ಷಕರೂ ಕರೆ ಮಾಡಬಹುದು. ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಶಾಲೆಯೇ ವಿಚಾರಣೆಗೆ ಕೂರುವಂತಿಲ್ಲ; 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಕೂಡ ನೆರವಿಗಿದೆ.

ಪೋಷಕರ ಭೇಟಿಯೇ ಅತ್ಯಂತ ನಾಜೂಕಿನ ಹಂತ ಎಂಬುದು ನನ್ನ ಅಭಿಪ್ರಾಯ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಹಗಲು ಹನ್ನೊಂದಕ್ಕೆ ಬನ್ನಿ ಎಂದರೆ ಆಕೆ ಕೂಲಿ ಕಳೆದುಕೊಂಡು, ಮಗಳ ಮೇಲೆ ಸಿಟ್ಟು ಹೊತ್ತೇ ಬರುತ್ತಾಳೆ. ತುರ್ತಿಲ್ಲದಿದ್ದರೆ ಆಕೆಯ ಪಾಳಿ ಮುಗಿದ ಮೇಲೋ ರಜೆಯ ದಿನವೋ ಭೇಟಿ ಇಟ್ಟುಕೊಳ್ಳಿ. ದೂರಿನಿಂದ ಮಾತು ಶುರು ಮಾಡಬೇಡಿ. ‘ನಿಮ್ಮ ಮಗಳು ಚೆನ್ನಾಗಿ ಓದುವ ಹುಡುಗಿ ಅಮ್ಮ, ಈಚೆಗೆ ಸ್ವಲ್ಪ ಬಳಲಿದ ಹಾಗೆ ಕಾಣ್ತಾಳೆ, ಮನೆಯಲ್ಲಿ ನಿಮಗೇನಾದರೂ ಅನ್ನಿಸಿದೆಯಾ?’ ಎಂದು ಕೇಳಿದರೆ ಅವರೇ ಹೇಳತೊಡಗುತ್ತಾರೆ. ನಿಮ್ಹಾನ್ಸ್ ಹೆಸರು ಎತ್ತಿದೊಡನೆ ‘ಅಲ್ಲಿಗಾ?’ ಎಂದು ಬೆಚ್ಚುವವರಿದ್ದಾರೆ. ಮಕ್ಕಳಿಗೇ ಅಲ್ಲಿ ಪ್ರತ್ಯೇಕ ವಿಭಾಗವಿದೆ ಎಂಬುದನ್ನೂ, ಹೋದವರಿಗೆಲ್ಲ ಮಾತ್ರೆ ಕೊಡುವುದಿಲ್ಲ, ಎಷ್ಟೋ ಮಕ್ಕಳಿಗೆ ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ ಎಂಬುದನ್ನೂ ನಿಧಾನವಾಗಿ ಹೇಳಬೇಕು.

ಶಾಲೆಯೂ ತನ್ನ ಕಡೆಯಿಂದ ಬದಲಾಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಂಕಗಳನ್ನು ಎಲ್ಲರೆದುರು ಕೂಗಿ ಹೇಳಿ ನಾಚಿಸುವ ರೂಢಿಯನ್ನು ನಿಲ್ಲಿಸಲು ಸುತ್ತೋಲೆಗಾಗಿ ಕಾಯಬೇಕಿಲ್ಲ. ಚಿಕಿತ್ಸೆಯಲ್ಲಿರುವ ಮಗು ತರಗತಿಗೆ ಮರಳಿದಾಗ ‘ಎಲ್ಲಿ ಹೋಗಿದ್ದೆ’ ಎಂದು ಎಲ್ಲರೆದುರು ಕೇಳಬಾರದು. ತಪ್ಪಿದ ಪಾಠಗಳ ನೋಟ್ಸನ್ನು ಮೊದಲೇ ಹೊಂದಿಸಿಟ್ಟು, ಕಿರುಪರೀಕ್ಷೆಗಳಿಗೆ ಸಮಯ ಕೊಟ್ಟು, ತಳಮಳವಾದಾಗ ಕೈಯೆತ್ತಿ ಹೊರಗೆ ಹೋಗಿ ಯಾವ ಶಿಕ್ಷಕರ ಬಳಿ ಕೂರಬಹುದು ಎಂಬುದನ್ನು ಆ ಮಗುವಿನೊಂದಿಗೇ ನಿರ್ಧರಿಸಿ, ಉಳಿದ ವಿಷಯಗಳ ಶಿಕ್ಷಕರಿಗೆ ಅಷ್ಟನ್ನು ಮಾತ್ರ ತಿಳಿಸಬೇಕು.