ಮಾರುತಿ 800ರ ವೈಪರ್ ಮೋಟಾರ್: ಬಿಚ್ಚಿ, ತೊಳೆದು, ಕಟ್ಟಿದ ಅನುಭವ

ದಾವಣಗೆರೆ, ಚಿತ್ರದುರ್ಗದ ಕಡೆಯ ಹಳೇ ಕಾರುಗಳಲ್ಲಿ ವೈಪರ್ ಮೋಟಾರ್ ಸುಟ್ಟುಹೋಗುವುದು ಕಡಿಮೆ, ಹಿಡಿದುಕೊಳ್ಳುವುದೇ ಹೆಚ್ಚು. ದೀಪಾವಳಿ ಕಳೆದರೆ ರೋಹಿಣಿ ಮಳೆಯ ತನಕ ವೈಪರಿಗೆ ಹೆಚ್ಚು ಕೆಲಸವಿಲ್ಲ. ಅಷ್ಟರಲ್ಲಿ ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟು, ರಸ್ತೆಯ ಧೂಳು ಎಲ್ಲ ಗಾಜಿನ ಬುಡದ ಜಾಲರಿಯೊಳಗೆ ಇಳಿದು, ವೈಪರ್ ತೋಳು ತಿರುಗುವ ಸ್ಪಿಂಡಲ್ (ಅಚ್ಚು) ಸುತ್ತ ಕೂರುತ್ತದೆ. ಬೇಸಿಗೆಯ ಕಾವಿಗೆ ಗೇರಿನ ಹಳೇ ಗ್ರೀಸು ಎಣ್ಣೆ ಬಿಟ್ಟು ಮೇಣದಂತಾಗುತ್ತದೆ. ಮೊದಲ ಮಳೆಗೆ ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಎನ್ನುತ್ತದೆ, ಬ್ಲೇಡು ಕದಲುವುದಿಲ್ಲ. ಆಗಲೇ ಹೊಸ ಮೋಟಾರ್ ತರಬೇಡಿ. ಮೋಟಾರನ್ನು ವೈಪರಿಗೆ ಜೋಡಿಸುವ ಸರಳು, ಅಂದರೆ ಲಿಂಕ್, ಹಿಡಿದುಕೊಂಡಿರುವಾಗ ಹೊಸದನ್ನು ಕಟ್ಟಿದರೆ ಅದೂ ಬಿಸಿಯಾಗಿ ಬೇಗ ಹಾಳಾಗುತ್ತದೆ.

ಹಾಗಾಗಿ ನಾನು ಮೊದಲು ಮೋಟಾರನ್ನೂ ಲಿಂಕನ್ನೂ ಬೇರೆ ಮಾಡಿ ನೋಡುತ್ತೇನೆ. ಲಿಂಕ್ ಬಿಡಿಸಿದ ಮೇಲೆ ವೈಪರ್ ತೋಳನ್ನು ಕೈಯಲ್ಲಿ ಆಡಿಸಿದರೆ ಒಂದೇ ಬೆರಳಿಗೆ ಸಲೀಸಾಗಿ ಬರಬೇಕು. ಬಿಗಿಯಾಗಿದ್ದರೆ ರೋಗ ಸ್ಪಿಂಡಲಿನಲ್ಲಿದೆ. ಅದಕ್ಕೆ ಬರೀ ಸ್ಪ್ರೇ ಎಣ್ಣೆ ಹೊಡೆದರೆ ಒಂದು ಮಳೆಗಾಲ ಓಡಬಹುದು, ಅಷ್ಟೇ. ಲಾಕ್ ತೆಗೆದು ಶಾಫ್ಟ್ ಹೊರಗೆ ಎಳೆದು, 600 ನಂಬರಿನ ವಾಟರ್ ಪೇಪರಿನಿಂದ ತುಕ್ಕು ಉಜ್ಜಿ, ಗ್ರೀಸು ತುಂಬಿ ಕೂರಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ.

ಇನ್ನು ಕರೆಂಟು. ಮೋಟಾರ್ ಓಡುತ್ತಿರುವಾಗಲೇ ಅಳೆಯಬೇಕು. ಓಡದಿರುವಾಗ 12 ವೋಲ್ಟ್ ತೋರಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಮೋಟಾರಿನ ಬಾಡಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ. ಹಳೇ ಬಂಡಿಗೆ ಟಿಂಕರಿಂಗ್, ಪೇಂಟಿಂಗ್ ಆಗಿದ್ದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ: ಬೋಲ್ಟಿನ ಕೆಳಗೆ ಬಣ್ಣ ಕೂತಿರುತ್ತದೆ. ಕಪ್ಲರಿನಲ್ಲಿ (ಮೋಟಾರಿನ ವೈರುಗಳು ಕೂಡುವ ಪ್ಲಗ್ಗು) ಮೋಟಾರಿಗೆ ಸಿಗುವ ವೋಲ್ಟೇಜು ಬ್ಯಾಟರಿಗಿಂತ ಒಂದು ವೋಲ್ಟಿಗೂ ಹೆಚ್ಚು ಇಳಿದಿದ್ದರೆ ಸ್ವಿಚ್, ಫ್ಯೂಸ್ ಹೋಲ್ಡರ್ ನೋಡಿ. ಇವೆರಡೂ ಸರಿಯಿದ್ದರೆ ಮಾತ್ರ ಮೋಟಾರ್ ಬಿಚ್ಚುವುದು.

ಮೋಟಾರಿನ ಶಾಫ್ಟಿಗೆ ಕೂತು ಲಿಂಕನ್ನು ಆಡಿಸುವ ಕ್ರ್ಯಾಂಕ್ ತೋಳು ನಿಂತ ಜಾಗವನ್ನು ಬಿಚ್ಚುವ ಮೊದಲೇ ಸೂಜಿಯಿಂದ ಗೀರಿ ಗುರುತು ಮಾಡಿ. ಅದರ ನಟ್ಟು ಸಡಿಲಿಸುವಾಗ ತೋಳನ್ನು ಇನ್ನೊಂದು ಪಾನಾದಿಂದ ಗಟ್ಟಿಯಾಗಿ ಹಿಡಿದಿರಬೇಕು. ಹಿಡಿಯದಿದ್ದರೆ ಬಲವೆಲ್ಲ ಒಳಗಿನ ನೈಲಾನ್ ಗೇರಿನ ಮೇಲೆ ಬಿದ್ದು ಹಲ್ಲು ಮುರಿಯುತ್ತದೆ. ರಿಪೇರಿಗೆ ಬಂದ ಮೋಟಾರು ರಿಪೇರಿಯಲ್ಲೇ ಸಾಯುವುದು ಹೆಚ್ಚಾಗಿ ಇಲ್ಲೇ.

ಗೇರ್ ಮುಚ್ಚಳ ತೆಗೆದು ಗಟ್ಟಿಯಾದ ಗ್ರೀಸನ್ನು ಮರದ ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮೋಟಾರನ್ನೇ ಸೀಮೆಎಣ್ಣೆಯಲ್ಲಿ ಮುಳುಗಿಸಬೇಡಿ. ಒಳಗೆ ತಿರುಗುವ ಭಾಗವಾದ ಆರ್ಮೇಚರ್ ಹೊರತೆಗೆಯುವಾಗ ಬಾಡಿಗೆ ಸುತ್ತಿಗೆ ತಾಗಿಸಬೇಡಿ, ಒಳಗೆ ಅಂಟಿಸಿದ ಅಯಸ್ಕಾಂತ ಸೀಳುತ್ತದೆ. ಆರ್ಮೇಚರಿನ ತುದಿಯ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರಿನ ಮೇಲೆ ಕಪ್ಪು ಪಟ್ಟಿ ಇದ್ದರೆ 600ರ ಪೇಪರನ್ನು ಪಟ್ಟಿಯಂತೆ ಸುತ್ತಿ, ಆರ್ಮೇಚರ್ ತಿರುಗಿಸುತ್ತ ಉಜ್ಜಿ. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಸಂದಿಗಳಲ್ಲಿ ಕೂತ ಕಾರ್ಬನ್ ಪುಡಿಯನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆಯಬೇಕು. ಈ ಪುಡಿ ಪಟ್ಟಿಯಿಂದ ಪಟ್ಟಿಗೆ ಕರೆಂಟು ದಾಟಿಸುವುದರಿಂದಲೇ ಮೋಟಾರ್ ಬಿಸಿಯಾಗಿ ನಿಧಾನವಾಗುವುದು.

ಎರಡು ಸ್ಪೀಡಿನ ಮೋಟಾರಿನಲ್ಲಿ ಕಮ್ಯುಟೇಟರಿಗೆ ತಾಗಿ ಕರೆಂಟು ಕೊಡುವ ಕಾರ್ಬನ್ (ಬ್ರಷ್) ಮೂರು. ಎದುರುಬದುರು ಇರುವ ಜೋಡಿ ನಿಧಾನ ಸ್ಪೀಡಿನದು, ಓರೆಯಾಗಿ ಕೂತದ್ದು ಜೋರು ಸ್ಪೀಡಿನದು. ಒಂದು ಸ್ಪೀಡ್ ಮಾತ್ರ ಸತ್ತಿದ್ದರೆ, ವೈರು, ಸ್ವಿಚ್ ಸರಿಯಿದ್ದಾಗ, ಆ ಸ್ಪೀಡಿನ ಕಾರ್ಬನ್ ಸವೆದಿದೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. 5 ಮಿಲಿಮೀಟರಿಗಿಂತ ಗಿಡ್ಡವಾದ ಕಾರ್ಬನ್ ನಾನು ಮತ್ತೆ ಹಾಕುವುದಿಲ್ಲ. ಸರಿಯಾದ ಅಳತೆಯದು ಸಿಗದಿದ್ದರೆ ದೊಡ್ಡದನ್ನು ತಂದು ಪೇಪರಿನ ಮೇಲೆ ಉಜ್ಜಿ ಇಳಿಸಬಹುದು. ಹೋಲ್ಡರಿನಲ್ಲಿ ತಡೆಯಿಲ್ಲದೆ ಜಾರಬೇಕು, ಅಲುಗಾಡಬಾರದು. ಮತ್ತೆ ಜೋಡಿಸುವಾಗ ಸ್ಪ್ರಿಂಗಿನ ಒತ್ತಡಕ್ಕೆ ಕಾರ್ಬನ್ ಮುಂದೆ ಬಂದು ಅಡ್ಡ ಬರುತ್ತವೆ. ಅವನ್ನು ಹತ್ತಿ ನೂಲಿನಿಂದ ಹಿಂದಕ್ಕೆ ಕಟ್ಟಿ, ಕಮ್ಯುಟೇಟರ್ ಒಳಗೆ ಕೂತ ಮೇಲೆ ನೂಲು ಎಳೆದುಬಿಟ್ಟರೆ ಕೆಲಸ ಸಲೀಸು.

ಗೇರಿಗೆ ಲಿಥಿಯಂ ಗ್ರೀಸು ಸಾಕು, ಹಲ್ಲಿನ ಸುತ್ತ ತೆಳ್ಳಗೆ. ಅತಿಯಾದರೆ ಗೇರಿಗೆ ಅಂಟಿದ ಪಾರ್ಕಿಂಗ್ ತಟ್ಟೆಯ (ಬ್ಲೇಡನ್ನು ಕೆಳಗೆ ತಂದು ನಿಲ್ಲಿಸುವ ತಾಮ್ರದ ತಟ್ಟೆ) ಮೇಲೆ ಹರಿದು ಅಲ್ಲಿ ಕಿಡಿಗೆ ಕರಕಲಾಗುತ್ತದೆ. ಆರ್ಮೇಚರ್ ಶಾಫ್ಟಿನ ತುದಿಯ ಸ್ಕ್ರೂ ಇದ್ದರೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದೆ ಬಿಟ್ಟು ಲಾಕ್ ನಟ್ಟು ಬಿಗಿಯಿರಿ.

ಪಾರ್ಕಿಂಗ್ ತಟ್ಟೆಯನ್ನು ಅರ್ಥ ಮಾಡಿಕೊಂಡರೆ ಅರ್ಧ ದೂರುಗಳು ಬಗೆಹರಿಯುತ್ತವೆ. ಸ್ವಿಚ್ ಆರಿಸಿದರೂ ಬ್ಲೇಡು ಕೆಳಗೆ ಬಂದು ಮಲಗುವುದು ಇದರಿಂದ. ಗೇರಿಗೆ ಅಂಟಿದ ತಾಮ್ರದ ತಟ್ಟೆ ಇನ್ನೊಂದು ದಾರಿಯಲ್ಲಿ ಕರೆಂಟು ಕೊಡುತ್ತಿರುತ್ತದೆ. ತಟ್ಟೆಯ ಖಾಲಿ ಜಾಗ ಬಂದಾಗ ಅದು ಕಡಿದು, ಕಾರ್ಬನ್ ಅರ್ತಿಗೆ ಸೇರಿ ಮೋಟಾರ್ ತಕ್ಷಣ ಬ್ರೇಕ್ ಹಿಡಿದಂತೆ ನಿಲ್ಲುತ್ತದೆ. ಆರಿಸಿದ ಜಾಗದಲ್ಲೇ ನಿಂತರೆ ಆ ಎರಡನೇ ದಾರಿಗೆ ಕರೆಂಟು ಬರುತ್ತಿಲ್ಲ, ಅಥವಾ ತಟ್ಟೆಯ ಮೇಲೆ ಗ್ರೀಸು ಕರಕಲಾಗಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಮೊದಲು ಕಪ್ಲರ್ ಕಳಚಿ ಸ್ವಿಚ್ ಪರೀಕ್ಷಿಸಿ. ಸ್ವಿಚ್ ಸರಿಯಿದ್ದರೆ ತಟ್ಟೆಯ ಖಾಲಿ ಜಾಗವನ್ನು ಕಾರ್ಬನ್ ಪುಡಿ ಮುಚ್ಚಿದೆ ಅಥವಾ ಸಂಪರ್ಕದ ಎಲೆ ಬಾಗಿದೆ. ನಿಲ್ಲುವ ಜಾಗ ದಾಟಿ ಮತ್ತೆ ಒಂದು ಸುತ್ತು ಹಾಕಿ ನಿಂತರೆ ಬ್ರೇಕಿನ ಅರ್ತ್ ಸಿಗುತ್ತಿಲ್ಲ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ರಂಥ ಕಾರುಗಳ ಎದ್ದು ಮಲಗುವ ಹೆಡ್‌ಲೈಟ್ ಮೋಟಾರೂ ಇದೇ ತತ್ವದ್ದು. ಅಲ್ಲಿ ಅರ್ಧ ಸುತ್ತಿಗೆ ನಿಂತು ದೀಪ ಎತ್ತುತ್ತದೆ, ಇನ್ನರ್ಧ ಸುತ್ತಿಗೆ ಇಳಿಸುತ್ತದೆ.

ಕಾರಿಗೆ ಕಟ್ಟುವ ಮುನ್ನ ಟೇಬಲ್ ಮೇಲೆ 10 ಆಂಪಿನ ಫ್ಯೂಸ್ ಹಾಕಿ ಬ್ಯಾಟರಿಗೆ ಕೊಟ್ಟು ಐದು ನಿಮಿಷ ಓಡಿಸಿ. ಬಾಡಿ ಬೆಚ್ಚಗಾದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮತ್ತೆ ಬಿಚ್ಚಿ ಕಮ್ಯುಟೇಟರ್ ನೋಡಿ. ಕಾರಿಗೆ ಕೂರಿಸಿದ ಮೇಲೆ ವೈಪರ್ ತೋಳು ಹಾಕದೆ ಎರಡು ಸಲ ಓಡಿಸಿ ಆರಿಸಿ, ಮೋಟಾರ್ ತಾನಾಗಿ ಮಲಗುವ ಜಾಗಕ್ಕೆ ಬರಲಿ. ಆಮೇಲೆ ತೋಳನ್ನು ಗಾಜಿನ ಬುಡಕ್ಕೆ ಸಮನಾಗಿ ಹಾಕಿ ನಟ್ಟು ಬಿಗಿಯಿರಿ. ಪರೀಕ್ಷೆ ಗಾಜಿನ ಮೇಲೆ ನೀರು ಸುರಿದೇ ಆಗಬೇಕು. ಒಣ ಧೂಳಿನ ಮೇಲೆ ಆಡಿಸಿದರೆ ಗಾಜು ಗೀರುತ್ತದೆ. ಅದೇ ನೀರು ಬಾನೆಟ್ಟಿನ ಹಿಂದಿನ ರಂಧ್ರದಿಂದ ಕೆಳಗೆ ಹರಿಯುತ್ತಿದೆಯೇ ನೋಡಿ. ಬೇವು, ಹೊಂಗೆ ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಎಲೆ, ಹೂವು ಕೊಳೆತು ಆ ರಂಧ್ರ ಮುಚ್ಚಿರುತ್ತದೆ, ನೀರು ನಿಂತು ಸ್ಪಿಂಡಲಿಗೆ ಮತ್ತೆ ತುಕ್ಕು ಹಿಡಿಯುತ್ತದೆ. ಒಂದು ತಂತಿ ಆಡಿಸಿ ರಂಧ್ರ ಬಿಡಿಸಿದ ಮೇಲೆಯೇ ಬಾನೆಟ್ ಹಾಕಿ.