ಇಂಗ್ಲಿಷಿನ ‘ಪ್ರಿವೆಂಟ್’ಗೆ ಲಾಟ್ವಿಯನ್ ಪದ ಯಾವುದು? ಕನ್ನಡವನ್ನು ನಡುವೆ ಇಟ್ಟುಕೊಂಡು ಕಲಿಯುವ ಬಗೆ

ಲಾಟ್ವಿಯಾದ ರಾಜಧಾನಿ ರೀಗಾದ ಒಂದು ಹಾಸ್ಟೆಲ್‌ನಲ್ಲಿ, ಲಿಫ್ಟ್ ಬಾಗಿಲಿಗೆ ‘ಬುಅಯಾಯುಮ್ಸ್ ನುಅವೇರ್ಸ್ತ್ಸ್’ ಎಂಬ ಚೀಟಿ ಅಂಟಿಸಿದ್ದಾರೆ ಎಂದುಕೊಳ್ಳಿ. ನಿಘಂಟಿನಲ್ಲಿ ಹುಡುಕಿದರೆ ಮೊದಲ ಪದಕ್ಕೆ ದೋಷ, ಹಾನಿ ಎಂಬ ಅರ್ಥ ಸಿಗುತ್ತದೆ. ಎರಡನೆಯದರ ಮೂಲ ಕ್ರಿಯಾಪದ ‘ನುಅವೇರ್ಸ್ತ್’, ಅದರ ಎದುರಿಗೆ ಇಂಗ್ಲಿಷಿನ ‘ಪ್ರಿವೆಂಟ್’ ಇರುತ್ತದೆ. ಹಾಗಾದರೆ ಲಿಫ್ಟ್ ಕೆಡದಂತೆ ತಡೆದರೆಂದೇ? ಅಲ್ಲ. ಲಿಫ್ಟ್ ಕೆಟ್ಟಿತ್ತು, ರಿಪೇರಿ ಆಗಿದೆ, ಹತ್ತಬಹುದು. ಅದೇ ಚೀಟಿಯನ್ನು ‘ದೋಷ ನಿವಾರಿಸಲಾಗಿದೆ’ ಎಂದು ಕನ್ನಡದಲ್ಲಿ ಓದಿಕೊಂಡಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಲಾಟ್ವಿಯಾಕ್ಕೆ ಓದಲು ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ ಪಾಠ ಇಂಗ್ಲಿಷಿನಲ್ಲೇ ನಡೆಯಬಹುದು. ಆದರೆ ಬಾಗಿಲು, ಔಷಧದ ಡಬ್ಬಿ, ಬಸ್ಸು, ಆಸ್ಪತ್ರೆಯ ವಾರ್ಡು ಎಲ್ಲ ಮಾತನಾಡುವುದು ಲಾಟ್ವಿಯನ್ನಿನಲ್ಲಿ. ಅದರಲ್ಲೂ ಮೊದಲು ಎದುರಾಗುವುದು ತಡೆ, ಎಚ್ಚರಿಕೆ, ನಿಷೇಧದ ಮಾತುಗಳೇ. ಇವನ್ನು ಇಂಗ್ಲಿಷಿನಿಂದ ನೇರ ಕಲಿಯಲು ಹೊರಟರೆ ದಾರಿ ಸುತ್ತು. ಕನ್ನಡದ ಮೂಲಕ ಹೋದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಪುಸ್ತಕ ಹಾಕಿಕೊಳ್ಳುವುದು

ನೂರು ಪುಟದ ನೋಟ್‌ಬುಕ್ ಸಾಕು. ಪುಟಕ್ಕೆ ಒಂದೇ ಕ್ರಿಯಾಪದ. ಅಡ್ಡಲಾಗಿ ನಾಲ್ಕು ಕಾಲಂ: ಇಂಗ್ಲಿಷ್, ಕನ್ನಡ, ಲಾಟ್ವಿಯನ್, ವಿಭಕ್ತಿ. ಕನ್ನಡ ಎರಡನೆಯ ಕಾಲಂನಲ್ಲೇ ಇರಲಿ, ಕೊನೆಗೆ ತಳ್ಳಬೇಡಿ. ಕೆಳಗೆ ಕನಿಷ್ಠ ಮೂರು ವಾಕ್ಯಗಳಿಗೆ ಜಾಗ ಬಿಡಿ. ಮೊದಲ ವಾರಕ್ಕೆ ಏಳು ಪದ ಸಾಕು, ಅರ್ಥ ಮುಂದೆ ಒಂದೊಂದಾಗಿ ಬರುತ್ತದೆ: ನುಅವೇರ್ಸ್ತ್, ಇಜ್ವೈರೀತಿಯೆಸ್, ಕವೇತ್, ತ್ರೌತ್ಸೇತ್, ಅತ್ತುರೇತ್, ಪಸರ್ಗಾತ್, ಐಜ್ಲಿಯೆಗ್ತ್.

ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಲಾಟ್ವಿಯನ್ನಿನಲ್ಲಿ ಹ್ರಸ್ವ–ದೀರ್ಘದ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ. ದೀರ್ಘ ಸ್ವರದ ತಲೆಯ ಮೇಲೆ ಅವರು ಅಡ್ಡಗೆರೆ ಎಳೆಯುತ್ತಾರೆ, ನಮಗೆ ಎ–ಏ, ಇ–ಈ ಬೇರೆ ಬೇರೆ ಅಕ್ಷರಗಳೇ ಇವೆ. ಅವರ ತ, ದ ಹಲ್ಲಿಗೆ ತಾಗುವ ತ, ದ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಮಾಡಿದರೆ ಕಿವಿಗೆ ಕಟುವಾಗುತ್ತದೆ. ಒತ್ತು ಸಾಮಾನ್ಯವಾಗಿ ಮೊದಲ ಅಕ್ಷರದ ಮೇಲೆ. ಒಂದು ತೊಡಕು ‘ಒ’ ಅಕ್ಷರ: ಅಚ್ಚ ಲಾಟ್ವಿಯನ್ ಪದಗಳಲ್ಲಿ ಅದು ‘ಉಅ’ ಎಂದು ಜಾರುತ್ತದೆ, ಎರವಲು ಪದಗಳಲ್ಲಿ ‘ಒ’ ಆಗಿಯೇ ಉಳಿಯುತ್ತದೆ. ಅದಕ್ಕೇ ನುಅವೇರ್ಸ್ತ್, ಆದರೆ ರೋಗ ತಡೆಗೆ ಪ್ರೊಫಿಲಕ್ಸೆ.

ಮೊದಲ ಪುಟ: ನುಅವೇರ್ಸ್ತ್

‘ಪ್ರಿವೆಂಟ್’ ಲ್ಯಾಟಿನ್ ಮೂಲದ್ದು, ‘ಮುಂಚೆ ಬರು’ ಎಂಬ ಅರ್ಥದಿಂದ ಹುಟ್ಟಿದ್ದು. ಕೇಡಿಗಿಂತ ಮೊದಲೇ ಬಂದು ನಿಲ್ಲುವುದು ಅದರ ಕೆಲಸ. ಆದ ಮೇಲೆ ಪ್ರಿವೆಂಟ್ ಮಾಡಲು ಬರುವುದಿಲ್ಲ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನುಅವೇರ್ಸ್ತ್ ಹಾಗಲ್ಲ. ‘ವೇರ್ಸ್ತ್’ ಎಂದರೆ ತಿರುಗಿಸು, ‘ನುಅ’ ಎಂದರೆ ಆಚೆಗೆ. ಆಚೆಗೆ ತಿರುಗಿಸುವುದಕ್ಕೆ ಹೊತ್ತುಗೊತ್ತಿನ ಕಟ್ಟಿಲ್ಲ: ಬರುವ ಅಪಾಯವನ್ನೂ ತಿರುಗಿಸಬಹುದು, ಬಂದ ದೋಷವನ್ನೂ ಸರಿಸಬಹುದು, ನೋಟವನ್ನೂ ಬೇರೆಡೆ ಹೊರಳಿಸಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ನೆಂಟ ‘ಅವರ್ಟ್’, ಅದರ ಕಟ್ಟಡವೂ ‘ಆಚೆ ತಿರುಗಿಸು’ ಎಂದೇ. ‘ವೇರ್ಸ್ತ್’ ಮತ್ತು ನಮ್ಮ ಪರಿವರ್ತನೆ, ನಿವೃತ್ತಿಗಳಲ್ಲಿರುವ ಸಂಸ್ಕೃತದ ‘ವೃತ್’ ಧಾತು ಒಂದೇ ಬೇರಿನವು ಎಂಬುದು ನೆನಪಿಡಲು ಒಳ್ಳೆಯ ಕೊಕ್ಕೆ.

ಕನ್ನಡ ಕಾಲಂನಲ್ಲಿ ‘ತಡೆಗಟ್ಟು’ ಎಂದಷ್ಟೇ ಬರೆದರೆ ಮತ್ತೆ ಲಿಫ್ಟಿನ ಎಡವಟ್ಟು. ‘ನಿವಾರಿಸು’ ಎಂದು ಬರೆಯಿರಿ. ಅಪಾಯ ನಿವಾರಣೆಯೂ ಆಗುತ್ತದೆ, ದೋಷ ನಿವಾರಣೆಯೂ ಆಗುತ್ತದೆ. ವಿಭಕ್ತಿ ದ್ವಿತೀಯಾ: ಕ್ಲ್ಯೂದ ಎಂದರೆ ತಪ್ಪು, ‘ನುಅವೇರ್ಸ್ತ್ ಕ್ಲ್ಯೂದು’ ಎಂದರೆ ತಪ್ಪನ್ನು ಸರಿಪಡಿಸು.

ನಾಮಪದ ನುಅವೇರ್ಶನ. ಆದರೆ ಕಾಯಿಲೆಯ ವಿಷಯ ಬಂದಾಗ ಪ್ರೊಫಿಲಕ್ಸೆ ಎಂಬ ಎರವಲು ಪದದ ಬಳಕೆ ಹೆಚ್ಚು. ಎರಡು ಸರ್ಕಾರಿ ಸಂಸ್ಥೆಗಳ ಹೆಸರು ಪಕ್ಕಪಕ್ಕ ಬರೆದುಕೊಂಡರೆ ಈ ಭೇದ ಮರೆಯುವುದಿಲ್ಲ. ರೋಗ ನಿಯಂತ್ರಣ ಕೇಂದ್ರ ‘ಸ್ಲಿಮೀಬು ಪ್ರೊಫಿಲಕ್ಸೆಸ್ ಉನ್ ಕೊಂತ್ರೊಲೆಸ್ ತ್ಸೆಂತ್ರ್ಸ್’. 2002ರಲ್ಲಿ ಸ್ಥಾಪನೆಯಾದ ಭ್ರಷ್ಟಾಚಾರ ತಡೆ ಸಂಸ್ಥೆ ‘ಕೊರುಪ್ತ್ಸಿಯಸ್ ನುಅವೇರ್ಶನಸ್ ಉನ್ ಅಪ್ಕರುಅಶನಸ್ ಬಿರೊಯ್ಸ್’, ಜನರ ಬಾಯಲ್ಲಿ ಕ್ನಬ್. ಇಂಗ್ಲಿಷ್ ಹೆಸರುಗಳಲ್ಲಿ ಎರಡಕ್ಕೂ ಇರುವುದು ‘ಪ್ರಿವೆನ್ಷನ್’ ಒಂದೇ.

‘ಕೊಳ್ಳು’ವಿನ ಕೀಲಿ

ಇಂಗ್ಲಿಷಿನ ‘ಅವಾಯ್ಡ್’ಗೆ ಇಜ್ವೈರೀತಿಯೆಸ್. ಕೊನೆಯ ‘ತಿಯೆಸ್’ ನೋಡಿ. ಕ್ರಿಯೆ ಮಾಡುವವನ ಮೇಲೇ ತಿರುಗಿದಾಗ ಬರುವ ಪ್ರತ್ಯಯ ಅದು. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಪ್ರತ್ಯಯವಿಲ್ಲ, ನಮ್ಮಲ್ಲಿ ‘ಕೊಳ್ಳು’ ಇದೆ. ಪೊಲೀಸರು ಗಲಾಟೆ ತಪ್ಪಿಸಿದರು: ನುಅವೇರ್ಸ್ತ್. ನಾನು ಗಲಾಟೆಯಿಂದ ತಪ್ಪಿಸಿಕೊಂಡೆ: ಇಜ್ವೈರೀತಿಯೆಸ್. ಇನ್ನೂ ಚೊಕ್ಕವಾದ ಜೋಡಿ ಅತ್ತುರೇತ್ ಮತ್ತು ಅತ್ತುರೇತಿಯೆಸ್. ‘ತುರೇತ್’ ಎಂದರೆ ಹಿಡಿ. ಒಬ್ಬರನ್ನು ಹಿಡಿದು ನಿಲ್ಲಿಸುವುದು, ಹಿಂಜರಿಯುವಂತೆ ಮಾಡುವುದು ಮೊದಲನೆಯದು, ಇಂಗ್ಲಿಷಿನ ‘ಡಿಟರ್’. ತಾನೇ ತಡೆದುಕೊಳ್ಳುವುದು ಎರಡನೆಯದು. ನೂರು ಸದಸ್ಯರ ಸಂಸತ್ತು ಸಯೆಯ್ಮದಲ್ಲಿ ಪರ, ವಿರೋಧದ ಜೊತೆಗೆ ಮೂರನೆಯ ಆಯ್ಕೆ ‘ಅತ್ತುರಸ್’, ಅಂದರೆ ಎರಡೂ ಕಡೆ ಸೇರದೆ ತಟಸ್ಥರಾಗಿ ಉಳಿದವರು.

ಈ ಗುಂಪಿನ ಪದಗಳ ಬೆನ್ನಿಗೇ ‘ನುಅ’ ಬಿಡಿಯಾದ ಪುಟ್ಟ ಪದವಾಗಿಯೂ ಬರುತ್ತದೆ. ಅದರ ಕಾಗುಣಿತ ಇಂಗ್ಲಿಷಿನ ‘ನೋ’ ಇದ್ದಂತೆಯೇ ಇರುವುದರಿಂದ ಕಣ್ಣು ಅದನ್ನು ‘ಇಲ್ಲ’ ಎಂದು ಓದಿಬಿಡುತ್ತದೆ. ಅದರ ಅರ್ಥ ‘ಇಂದ’. ‘ಪಸರ್ಗಾತ್ ನುಅ ಸ್ಲಿಮೀಬಸ್’ ಎಂದರೆ ಕಾಯಿಲೆಯಿಂದ ಕಾಪಾಡು. ಇಲ್ಲಿ ಒಂದು ಸೂಕ್ಷ್ಮವಿದೆ: ಏಕವಚನದಲ್ಲಿ ‘ನುಅ’ ಮುಂದೆ ಷಷ್ಠೀ ರೂಪ, ಬಹುವಚನದಲ್ಲಿ ಚತುರ್ಥೀ ರೂಪ. ಒಂದು ಕಾಯಿಲೆಯಿಂದಾದರೆ ಸ್ಲಿಮೀಬಸ್, ಕಾಯಿಲೆಗಳಿಂದಾದರೆ ಸ್ಲಿಮೀಬಾಮ್. ಕಾಡಿಗೆ ಹೋಗುವಾಗ ಉಣ್ಣೆಹುಳುಗಳ ಬಗ್ಗೆ ಎಚ್ಚರಿಸುವ ಕರಪತ್ರದಲ್ಲಿ ‘ನುಅ ಏರ್ತ್ಸೇಮ್’ ಕಂಡರೆ ಅದೂ ಇದೇ ಲೆಕ್ಕ. ಅಲ್ಲಿ ಉಣ್ಣೆಹುಳುವಿನಿಂದ ಮಿದುಳಿಗೆ ಸೋಂಕು ತಗಲುವ ಕಾಯಿಲೆ ಇರುವುದರಿಂದ ಲಸಿಕೆ ಹಾಕಿಸಿಕೊಳ್ಳಲು ಸಲಹೆ ಕೊಡುತ್ತಾರೆ.

ತಡೆ ಮತ್ತು ತಡ

ಕವೇತ್ ಪದದ ಇಂಗ್ಲಿಷ್ ಕಾಲಂನಲ್ಲಿ ಮೂರು ಪದ ತುರುಕಬೇಕಾಗುತ್ತದೆ: ಅಡ್ಡಿಪಡಿಸು, ತಡ ಮಾಡಿಸು, ಗೈರಾಗು ಎಂಬ ಅರ್ಥದವು. ಕನ್ನಡದಲ್ಲಿ ತಡೆ ಮತ್ತು ತಡ ಒಂದೇ ಮನೆಯ ಪದಗಳಾದ್ದರಿಂದ ಮೊದಲೆರಡು ತಾವಾಗಿ ಕೂಡಿಕೊಳ್ಳುತ್ತವೆ. ಮೂರನೆಯದನ್ನು ಮಾತ್ರ ಬಾಯಿಪಾಠ ಮಾಡಬೇಕು: ತರಗತಿಗೆ ಚಕ್ಕರ್ ಹಾಕುವುದೂ ಕವೇತ್. ಇದಕ್ಕೆ ‘ಇಲ್ಲ’ ಎಂಬರ್ಥ ಕೊಡುವ ‘ನೆ’ ಸೇರಿಸಿ ನೆಕವೇತ್ ಎಂದರೆ ಚಕ್ಕರ್ ಹಾಕದಿರು. ‘ನುಅ’ ಸೇರಿಸಿ ನುಅಕವೇತ್ ಎಂದರೆ ತಡವಾಗಿ ಹೋಗಿ ಕೈತಪ್ಪಿಸಿಕೊಳ್ಳು. ‘ನುಅಕವೇಯು ವಿಲ್ತ್ಸಿಯೆನು’ ಎಂದರೆ ರೈಲು ತಪ್ಪಿತು. ಬರಹದಲ್ಲಿ ಒಂದೇ ಅಕ್ಷರದ ಅಂತರ, ಮಾಸ್ತರರಿಗೆ ಮಿಂಚಂಚೆ ಕಳಿಸುವ ಮುನ್ನ ಎರಡು ಸಲ ನೋಡಿ.

ತ್ರೌತ್ಸೇತ್ ಸರಳ, ತೊಂದರೆ ಕೊಡು ಎಂದಷ್ಟೆ. ಹೋಟೆಲ್ ಬಾಗಿಲಿಗೆ ತೂಗುಹಾಕುವ ‘ಲೂದ್ಜು, ನೆತ್ರೌತ್ಸೇತ್’ ಇದರದೇ.

ಗೋಡೆಯ ಮೇಲಿನ ನಿಷೇಧ

‘ಸ್ಮೇಕ್ಯೇತ್ ಐಜ್ಲಿಯೆಗ್ತ್ಸ್’ ಎಂದರೆ ಧೂಮಪಾನ ನಿಷೇಧ. ‘ಇಯೆಎಯ ಐಜ್ಲಿಯೆಗ್ತ’ ಎಂದರೆ ಪ್ರವೇಶ ನಿಷೇಧ. ಒಂದರ ಕೊನೆಗೆ ‘ತ್ಸ್’, ಇನ್ನೊಂದರ ಕೊನೆಗೆ ‘ತ’ ಏಕೆ? ಇಯೆಎಯ, ಅಂದರೆ ಪ್ರವೇಶ, ಸ್ತ್ರೀಲಿಂಗದ ನಾಮಪದ. ನಿಷೇಧದ ಪದವೂ ಅದರ ಲಿಂಗಕ್ಕೆ ಹೊಂದಬೇಕು. ಸೇದುವುದು ಕ್ರಿಯಾಪದ, ಅದಕ್ಕೆ ಲಿಂಗವಿಲ್ಲ, ಆಗ ಪುಲ್ಲಿಂಗ ರೂಪವೇ ನಿಲ್ಲುತ್ತದೆ. ನೀವೇ ಚೀಟಿ ಬರೆಯುವಾಗ ತಪ್ಪುವುದು ಇಲ್ಲೇ.

ಕಾನೂನು, ನಿಯಮಾವಳಿಗಳಲ್ಲಿ ‘ನೆಪಿಯೆಲ್ಯೌತ್’ ಕೂಡ ಸಿಗುತ್ತದೆ. ಬಿಡಿಸಿದರೆ ‘ಅವಕಾಶ ಕೊಡದಿರು’, ನಮ್ಮ ‘ಆಗಗೊಡದಿರು’. ಇದು ಆಗುವುದಕ್ಕೆ ಮುಂಚಿನ ತಡೆಗೆ ಮಾತ್ರ, ಕೆಟ್ಟ ಲಿಫ್ಟಿಗೆ ಬಳಸಬೇಡಿ.

ಪರೀಕ್ಷಿಸಿಕೊಳ್ಳುವುದು

ವಿಭಕ್ತಿ ರೂಪಗಳಿಗೆ ‘ತೇಜೌರ್ಸ್’ ಎಂಬ ಆನ್‌ಲೈನ್ ನಿಘಂಟು ನೋಡಿ, ಪದದ ಜೊತೆ ರೂಪಗಳ ಪಟ್ಟಿಯೂ ಸಿಗುತ್ತದೆ. ಲಾಟ್ವಿಯನ್ 2004ರಿಂದ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆ. ಒಕ್ಕೂಟದ ಕಾನೂನು ಜಾಲತಾಣ ‘ಯೂರ್‌ಲೆಕ್ಸ್’ನಲ್ಲಿ ಒಂದೇ ಕಾನೂನನ್ನು ಇಂಗ್ಲಿಷ್ ಮತ್ತು ಲಾಟ್ವಿಯನ್ನಿನಲ್ಲಿ ಅಕ್ಕಪಕ್ಕ ತೆರೆಯಬಹುದು. ಇಂಗ್ಲಿಷ್ ಬದಿಯಲ್ಲಿ ‘ಪ್ರಿವೆಂಟ್’ ಸಿಕ್ಕ ಹತ್ತು ಕಡೆ ಗುರುತು ಹಾಕಿ, ಎದುರು ಬದಿಯಲ್ಲಿ ಯಾವ ಪದ ಇದೆ ಎಂದು ನೋಟ್‌ಬುಕ್ಕಿನ ಆಯಾ ಪುಟಕ್ಕೆ ಇಳಿಸಿಕೊಳ್ಳಿ.

ಆಮೇಲೆ ಮನೆಯಲ್ಲಿರುವ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ: ‘ಉಜ್ಗ್ಲಬಾತ್ ಬೇರ್ನಿಯೆಮ್ ನೆರೆದ್ಜಮಾ ಉನ್ ನೆಪಿಯೆಎಯಮಾ ವಿಯೆತಾ’. ಮಕ್ಕಳಿಗೆ ಕಾಣದ, ಕೈಗೆಟುಕದ ಜಾಗದಲ್ಲಿಡಿ. ಈ ವಾಕ್ಯದಲ್ಲಿ ತಡೆಯುವ ಕ್ರಿಯಾಪದ ಒಂದೂ ಇಲ್ಲ, ಎರಡು ‘ನೆ’ಗಳೇ ಆ ಕೆಲಸ ಮಾಡಿವೆ. ಎಂಟನೆಯ ಪುಟವನ್ನು ಆ ‘ನೆ’ಗೆ ಕೊಡಿ.